ಶಾಂತಕ್ಕನ ಚೀಲದಾಗ ನನ್ನ ಪವರ್ ಬ್ಯಾಂಕ್

ಹತ್ರ ಬರ್ರಿ, ಇದನ್ನ ಯಾರ ಮುಂದೂ ಆಡಬ್ಯಾಡ್ರಿ. ಬಾಜೂಮನಿ ಶಾಂತಕ್ಕ ಬಸುರಿ ಮಗಳ ಕುಬಸಕ್ಕಂತ ಪುಣೆಗೆ ಹೊಂಟಿದ್ಲು, ಜೋಡಿಗೆ ನಾನು. ಐದು ನಮೂನಿ ಸಿಹಿ ಕೈಯಾರೆ ಮಾಡೇನಿ ಅಂತ ಬೀಗರಿಗೆ ಫೋನಿನ್ಯಾಗ ಹೇಳಿದ್ಲು.

ನನ್ನ ಪವರ್ ಬ್ಯಾಂಕ್, ಲಗೇಜಿಗೆ ಹಾಕೂ ಆಕಿ ದೊಡ್ಡ ಚೀಲದಾಗ ತುರುಕಿದ್ದೆ. ವಿಮಾನ ಹೊರಡೂ ಹೊತ್ತಿಗೆ ಲಗೇಜ್ ತಪಾಸಣಿಯವ್ರು ಶಾಂತಕ್ಕನ್ನ ಕರದ್ರು. ಅದು ಬೆಂಕಿ ಹತ್ತೂ ಸಾಮಾನಂತ, ಕೈಚೀಲದಾಗಽ ಇರಬೇಕಂತ. ಚೀಲ ಬಿಚ್ಚಿಸಿದ್ರ, ಮೊದಲ ಹೊರಗ ಬಂದಿದ್ದು ನಮ್ಮೂರ ಗೋಕುಲ ರಸ್ತೆ ಮಿಠಾಯಿ ಅಂಗಡಿ ಚೀಟಿ ಹಚ್ಚಿದ ಐದು ಸಿಹಿ ಡಬ್ಬಿ. ಪವರ್ ಬ್ಯಾಂಕ್ ನಂದಂತ ನಾ ಉಸುರು ಬಿಡಲಿಲ್ಲ.

ವಿಮಾನದಾಗ ಕುಂತ ಮ್ಯಾಲೆ ಸುದ್ದಿ ಹೊಟ್ಟ್ಯಾಗ ನಿಲ್ಲಲಿಲ್ಲ. ಆಚಿ ಸೀಟಿನ ಹೆಣ್ಮಗಳಿಗೆ ಡಬ್ಬಿ ಸುದ್ದಿ ಅಷ್ಟಽ ಹೇಳಿದೆ. ಕೇಳಿಸ್ಕೊಂಡ ಶಾಂತಕ್ಕ ನನ್ನ ಮುಖಕ್ಕಽ ಅಂದ್ಲು: “ಪವರ್ ಬ್ಯಾಂಕಿಗೆ ಬೆಂಕಿ ಹತ್ತಿದ್ರ ಒಂದು ವಿಮಾನ ಸುಡ್ತದ, ಯಕ್ಕಾ. ನಿನ್ನ ಬಾಯಿಗೆ ಹತ್ತಿದ್ರ ನಮ್ಮ ಓಣಿ, ಬೀಗರ ಓಣಿ ಎರಡೂ.”