ಸಾಲಿನ ಕೊನೆ

ಒಂದು ಕೊಡಕ್ಕೆ ತನ್ನ ಒಡತಿಯ ಪರವಾಗಿ ಸಾಲಿನಲ್ಲಿ ನಿಲ್ಲುವ ಹಕ್ಕಿದೆ ಎಂಬುದು, ಗೆಳೆಯರೇ, ಮನೆಯೊಳಗೇ ನಲ್ಲಿ ಇರುವವರಿಗೆ ಅಷ್ಟು ಸುಲಭವಾಗಿ ಅರ್ಥವಾಗುವುದಿಲ್ಲ. ತೊಂಬತ್ತರ ದಶಕದ ಆ ದಿನಗಳಲ್ಲಿ ಭದ್ರಾವತಿಯ ಉಕ್ಕಿನ ಕಾರ್ಖಾನೆಯ ಬದಿಯ ನಮ್ಮ ಲೈನ್ ಮನೆಗಳ ಹನ್ನೆರಡು ಸಂಸಾರಗಳಿಗೆ ಇದ್ದದ್ದು ಒಂದೇ ಬೀದಿ ನಲ್ಲಿ. ಬೆಳಗ್ಗೆ ಎದ್ದವರು ಮೊದಲು ಒಂದು ಕೊಡವನ್ನು ತಂದು ಅದರ ಮುಂದೆ ಇಟ್ಟು, ಆಮೇಲೆ ಹೋಗಿ ಒಲೆ ಹಚ್ಚುವುದು, ಮಕ್ಕಳ ತಲೆ ಬಾಚುವುದು ಮಾಡುತ್ತಿದ್ದರು. ಕೊಡ ನಿಂತಿದ್ದರೆ ಮನುಷ್ಯರು ನಿಂತಂತೆಯೇ ಲೆಕ್ಕ. ಕಟ್ಟಳೆ ಒಂದೇ: ಒಬ್ಬರ ಕೊಡವನ್ನು ಇನ್ನೊಬ್ಬರು ಮುಟ್ಟಬಾರದು. ಹಗೆಯಿಂದ ಹಿಂದಕ್ಕೆ ಸರಿಸುವಂತಿಲ್ಲ, ಉಪಕಾರವೆಂದು ಮುಂದಕ್ಕೆ ಸರಿಸುವಂತೆಯೂ ಇಲ್ಲ.

ಈ ಕಟ್ಟಳೆ ಹುಟ್ಟಿದ್ದು ಜಗಳದಿಂದ. ಮೊದಲನೆ ಮನೆಯ ರುದ್ರಮ್ಮನಿಗೂ ಆರನೆ ಮನೆಯ ಕಾಮಾಕ್ಷಮ್ಮನಿಗೂ ಯಾರ ಕೊಡ ಗೇಣುದ್ದ ಮುಂದಿತ್ತು ಎಂಬುದರ ಮೇಲೆ ವಾರಕ್ಕೆ ನಾಲ್ಕು ದಿನ ವಾಗ್ವಾದ; ಇದು ನನ್ನ ಡೈರಿಯ ಸರಾಸರಿ. ಶಿವಮೊಗ್ಗದ ಕಾಲೇಜಿಗೆ ಹೋಗಿಬರುತ್ತಿದ್ದ ನನಗೆ ಕಂಡದ್ದನ್ನೆಲ್ಲ ತಾರೀಖು ಹಾಕಿ ಬರೆದಿಡುವ ಚಟವಿದೆಯೆಂದು ಗೊತ್ತಿದ್ದವರು, ಕೊಡಗಳು ಬಂದ ಕ್ರಮವನ್ನು ಬರೆದುಕೊಂಡು ನೀರು ಬರುವ ಹೊತ್ತಿಗೆ ಗಟ್ಟಿಯಾಗಿ ಓದುವ ಕೆಲಸವನ್ನು ನನಗೇ ವಹಿಸಿದರು. ನಾನದನ್ನು ಒಂದು ಸಣ್ಣ ನ್ಯಾಯಾಧೀಶಗಿರಿಯೆಂದೇ ನಂಬಿದ್ದೆ. ಬೀದಿಯ ಬಾಯಲ್ಲಿ ಯಾವ ಮನೆಗೆ ಯಾವ ಹೆಸರಿತ್ತೋ ನನ್ನ ಪುಸ್ತಕದಲ್ಲೂ ಅದೇ: ರುದ್ರಮ್ಮ, ಮೂಲೆ ಮನೆ, ಟೈಲರ್ ಮನೆ, ತಮಿಳು ಮನೆ. ಎಷ್ಟೋ ತಿಂಗಳು ಹಾಗೆಯೇ ಓದಿದ್ದೆ. ಒಂದು ಸಲವೂ ನಾಲಗೆ ತಡವರಿಸಿರಲಿಲ್ಲ.

ಚುನಾವಣೆ ಹತ್ತಿರವಾಗಿದ್ದ ಒಂದು ಭಾನುವಾರ, ನಮ್ಮ ಕಡೆಯ ಮುಖಂಡರೊಬ್ಬರು ಶಿವಮೊಗ್ಗದ ಸಭೆಯಲ್ಲಿ ಮಾತನಾಡುತ್ತ, ಕಾರ್ಖಾನೆಯ ಹೆಸರು ಹೇಳಿಕೊಂಡು ಹೊರಗಿನಿಂದ ಬಂದು ಕೂತವರು ಇನ್ನು ಮುಂದೆ ಸಾಲಿನ ಕೊನೆಯಲ್ಲಿ ನಿಲ್ಲಲಿ ಎಂದುಬಿಟ್ಟರು. ಚಪ್ಪಾಳೆ ಬಿತ್ತಂತೆ. ಸೋಮವಾರದ ಪತ್ರಿಕೆಯಲ್ಲಿ ಅದೇ ತಲೆಬರಹ. ಆ ಸಂಜೆ ಶಿವಮೊಗ್ಗದಿಂದ ಮರಳುವ ಬಸ್ಸಿನಲ್ಲಿ ನಿಂತು ನಾನು ಸಾರ್ವಜನಿಕ ಅಭಿಪ್ರಾಯವನ್ನು ಎಣಿಸಿದೆ. ಬಾಯಿ ಬಿಟ್ಟವರು ಏಳು ಜನ. ಸರಿ ಎಂದವರು ಮೂವರು, ತಪ್ಪೆಂದವರು ಇಬ್ಬರು, ಎಲೆಕ್ಷನ್ ಮುಗಿದರೆ ಇದೆಲ್ಲ ಮುಗಿಯುತ್ತದೆ ಎಂದವರು ಇಬ್ಬರು. ಮಿಕ್ಕವರು ಕಿಟಕಿ ನೋಡುತ್ತಿದ್ದರು. ಕಂಡಕ್ಟರನ ಅಭಿಪ್ರಾಯ ಕೇಳಿದಾಗ ಅವನು, "ಸಾಲೇ ಇಲ್ಲದ ಬಸ್ಸಿದು ಮಾರಾಯ್ತಿ, ಕೊನೆ ಎಲ್ಲಿಂದ ತರ್ಲಿ, ಒಳಗ್ ಹೋಗು" ಎಂದು ಟಿಕೆಟ್ ಹರಿದುಕೊಟ್ಟ. 'ಪ್ರತಿಕ್ರಿಯೆ: ಮಿಶ್ರ' ಎಂದು ಬರೆದು ಡೈರಿ ಮುಚ್ಚಿದೆ. ಜನರ ಮನಸ್ಸನ್ನು ಅಷ್ಟು ಸಲೀಸಾಗಿ ಮುಚ್ಚಿಡಬಹುದೆಂಬ ನಂಬಿಕೆ ನನಗೆ ಆ ವಯಸ್ಸಿನಲ್ಲಿತ್ತು.

ಮನೆಗೆ ಬಂದರೆ ಅಮ್ಮನ ಮುಖ ಸಪ್ಪಗಿತ್ತು. ಕಾಮಾಕ್ಷಮ್ಮ ಮಧ್ಯಾಹ್ನ ಬಂದು, ಸೇಲಂನಲ್ಲಿರುವ ತಮ್ಮನಿಗೆ ಕಾಗದ ಬರೆಯುತ್ತೇನೆ, ಅಲ್ಲಿಗೇ ಹೋಗಿಬಿಡುತ್ತೇನೆ ಎಂದು ಹೇಳಿ ಹೋಗಿದ್ದರಂತೆ. ಕಾರ್ಖಾನೆಯ ಕುಲುಮೆ ಕಟ್ಟುವಾಗ ಬಂದವರು ಅವರ ತಾತ. ಅವರು ಹುಟ್ಟಿದ್ದೂ ಮದುವೆಯಾದದ್ದೂ ಗಂಡನನ್ನು ಕಳೆದುಕೊಂಡದ್ದೂ ಇದೇ ಲೈನಿನಲ್ಲಿ. ಸೇಲಂ ಅವರಿಗೆ ನೆಂಟರ ಊರಷ್ಟೆ. ಹಾಗೆ ನೋಡಿದರೆ ನಮ್ಮ ಲೈನಿನಲ್ಲಿ ಹೊರಗಿನಿಂದ ಬರದವರು ಯಾರಿದ್ದರು? ಕಾರ್ಖಾನೆ ಮೊದಲು ಬಂತು, ಅದರ ಹಿಂದೆ ನಾವೆಲ್ಲ ಸಾಲಾಗಿ ಬಂದೆವು. ಅವರು ಒಮ್ಮೆ ಹೋದರೆ ಮತ್ತೆ ಬರುವವರಲ್ಲ ಎಂದು ಅಮ್ಮ ಹೇಳಿದಾಗ, ಆ ಮಾತನ್ನು ಯಾವ ಕಾಲಮ್ಮಿನಲ್ಲಿ ಬರೆಯಬೇಕೆಂದು ನನಗೆ ತೋಚಲಿಲ್ಲ.

ಮಂಗಳವಾರ ಬೆಳಗ್ಗೆ ಮೊದಲ ಕೊಡ ರುದ್ರಮ್ಮನದು, ಎರಡನೆಯದು ನಮ್ಮದು. ಸಾಮಾನ್ಯವಾಗಿ ಮೂರನೆಯದು ಕಾಮಾಕ್ಷಮ್ಮನದಾಗಿರುತ್ತಿತ್ತು. ಅಂದು ಅವರು ಬಾಗಿಲಲ್ಲೇ ಕೊಡ ಹಿಡಿದು ನಿಂತು, ಹನ್ನೊಂದು ಕೊಡಗಳೂ ಬರುವವರೆಗೆ ಕಾದು, ಕೊನೆಗೆ ಬಂದು ಸಾಲಿನ ತುದಿಯಲ್ಲಿ ತಮ್ಮದನ್ನಿಟ್ಟರು. ಇಟ್ಟು, ಸೆರಗು ಸರಿಪಡಿಸಿಕೊಂಡು, ಯಾರ ಮುಖವನ್ನೂ ನೋಡದೆ ನಿಂತರು.

ಎಲ್ಲರೂ ಸೇರಿದಾಗ ನಾನು ಓದತೊಡಗಿದೆ. ಹನ್ನೊಂದರವರೆಗೆ ಸರಾಗವಾಗಿ ಬಂತು. ಹನ್ನೆರಡನೆಯ ಸಾಲಿನ ಮೇಲೆ ಕಣ್ಣು ನಿಂತಿತು.

"ಯಾಕೆ ನಿಲ್ಲಿಸ್ದೆ, ಕಣ್ಣು? ಓದು" ಎಂದರು ಕಾಮಾಕ್ಷಮ್ಮ, ಎಂದಿನಂತೆ ತಮಿಳಿನಲ್ಲಿ ಮುದ್ದಾಗಿ ಕರೆದು. "ತಮಿಳು ಮನೆ. ಅದೇ ತಾನೆ ಬರ್ದಿರೋದು ನೀನು?"

ಅದರಲ್ಲಿ ಕೋಪವಿರಲಿಲ್ಲ, ಇದ್ದಿದ್ದರೆ ಸಹಿಸಬಹುದಿತ್ತು. ಮುಖಂಡರು ಮೈಕಿನ ಮುಂದೆ ಒಂದು ದಿನ ಹೇಳಿದ್ದನ್ನು ನಾನು ಮೈಕಿಲ್ಲದೆ ದಿನಾ ಹೇಳುತ್ತಿದ್ದೆನೇ? ಪುಸ್ತಕದಲ್ಲಿ ಆ ಎರಡು ಪದಗಳನ್ನು ಹೊಡೆದುಹಾಕಿ 'ಕಾಮಾಕ್ಷಮ್ಮ' ಎಂದು ಬರೆಯುತ್ತಿದ್ದಾಗ ಎದುರಿನಲ್ಲಿ ಏನೋ ಸದ್ದಾಯಿತು.

ತಲೆಯೆತ್ತಿದರೆ, ರುದ್ರಮ್ಮ ತಮ್ಮ ಕೊಡವನ್ನು ಸೊಂಟಕ್ಕೇರಿಸಿ, ಸಾಲಿನ ಪಕ್ಕದಲ್ಲೇ ನಡೆದು ಹೋಗಿ, ಕಾಮಾಕ್ಷಮ್ಮನ ಕೊಡದ ಹಿಂದೆ ಠಣ್ಣೆಂದು ಇಟ್ಟರು. "ಇದೇನ್ರೀ?" ಎಂದು ಯಾರೋ ಕೇಳಿದ್ದಕ್ಕೆ, "ನನ್ನ ಕೊಡ, ನನ್ನಿಷ್ಟ" ಎಂದಷ್ಟೇ ಹೇಳಿದರು. ಆಮೇಲೆ ಟೈಲರ್ ಹೆಂಡತಿ. ಆಮೇಲೆ ಮೂಲೆ ಮನೆಯವರು. ಒಬ್ಬೊಬ್ಬರಾಗಿ, ಕಾಮಾಕ್ಷಮ್ಮನ ಕೊಡಕ್ಕೆ ಬೆರಳನ್ನೂ ತಾಗಿಸದೆ, ಕಟ್ಟಳೆಯನ್ನು ಕೂದಲೆಳೆಯಷ್ಟೂ ಮುರಿಯದೆ, ತಮ್ಮ ತಮ್ಮ ಕೊಡಗಳನ್ನೆತ್ತಿ ಅದರ ಹಿಂದೆ ಇಡುತ್ತ ಹೋದರು. ಮುಖಂಡರ ಹೆಸರನ್ನು ಯಾರೂ ಎತ್ತಲಿಲ್ಲ. ಕಣ್ಣೆದುರೇ ಕೊನೆಯೆಂಬುದು ಅಲುಗಾಡದೆ ನಿಂತಲ್ಲೇ ಮೊದಲಾಗುತ್ತಿತ್ತು. ನಮ್ಮ ಕಡೆ ಅಡಿಕೆಯ ಗೊಂಚಲಿಗೂ ಕೊನೆ ಎನ್ನುತ್ತಾರೆ. ಫಲ ಕಟ್ಟುವುದು ಕೊನೆಯಲ್ಲೇ ಎಂದು ಎಷ್ಟು ಸಲ ಕೇಳಿದ್ದೆನೋ, ಕಂಡದ್ದು ಆಗ. ಗೇಣು ಜಾಗಕ್ಕೆ ಗಂಟಲು ಹರಿದುಕೊಳ್ಳುತ್ತಿದ್ದ ಹೆಂಗಸರು ಇವರೇ ಏನು? ಇಷ್ಟು ದಿನ ಇವರ ಕೊಡಗಳನ್ನು ಎಣಿಸಿದ್ದೆನೇ ಹೊರತು ಇವರನ್ನು ಎಣಿಸಿರಲಿಲ್ಲ. ಹೊಸ ಕ್ರಮವನ್ನು ಒಂದೂ ತಪ್ಪದಂತೆ ಬರೆದುಕೊಳ್ಳತೊಡಗಿದೆ.

"ಏ ಮಾರಾಯ್ತಿ" ಎಂದರು ರುದ್ರಮ್ಮ. "ಬರ್ದಿದ್ದು ಸಾಕು. ನಿಮ್ಮನೆ ಕೊಡ ಯಾರು ಎತ್ಬೇಕು?"

ನೋಡಿದೆ. ಹತ್ತು ಕೊಡಗಳು ಹಿಂದೆ ಸರಿದು, ಕಾಮಾಕ್ಷಮ್ಮನದಕ್ಕಿಂತ ಮುಂದೆ, ನಲ್ಲಿಯ ಬಾಯಿಗೆ ನೇರವಾಗಿ ಒಂದೇ ಒಂದು ಕೊಡ ನಿಂತಿತ್ತು: ನಮ್ಮದು. ಮುಟ್ಟುವ ಹಾಗಿಲ್ಲವಾದ್ದರಿಂದ ಎಲ್ಲರೂ ನನಗಾಗಿ ಕಾಯುತ್ತಿದ್ದರು. ಪುಸ್ತಕವನ್ನು ಅಲ್ಲೇ ಕಲ್ಲಿನ ಮೇಲೆ ಎಸೆದು, ಕೊಡ ಎತ್ತಿಕೊಂಡು ಓಡಿದೆ.

ನಲ್ಲಿ ಕೆಮ್ಮಿತು, ಗಾಳಿ ಉಗುಳಿತು, ನೀರು ಬಂತು. ಕಾಮಾಕ್ಷಮ್ಮ ಅಲುಗಲಿಲ್ಲ. ಯಾರೂ ಹಿಡಿಯದ ನೀರು ಕಲ್ಲಿನ ಮೇಲೆ ಸುರಿಯುತ್ತಿತ್ತು, ಆ ಬೇಸಗೆಯಲ್ಲಿ, ಅಷ್ಟೊಂದು ನೀರು. ಆದರೂ ಯಾರೂ ಅವರನ್ನು ಅವಸರಪಡಿಸಲಿಲ್ಲ. ಕಡೆಗೆ ಅವರು ಬಗ್ಗಿ ಕೊಡಕ್ಕೆ ಕೈಹಾಕಿದರು. ಎತ್ತುವ ಮೊದಲು ಒಮ್ಮೆ ಹಿಂದಕ್ಕೆ ತಿರುಗಿದರು.

"ಏನಮ್ಮ ರುದ್ರಮ್ಮ, ನಿನ್ನ ಕೊಡ ನನ್ನ ಕೊಡಕ್ಕೆ ತಾಗ್ತಾ ಇದೆ. ಗೇಣು ಹಿಂದಕ್ಕೆ ತಗೋ."

"ಎಲ್ಲಿ ತಾಗ್ತಿದೆ? ಕಣ್ಣು ಕಾಣ್ಸಲ್ವ ನಿಂಗೆ?" ಎಂದು ರುದ್ರಮ್ಮ ಸೊಂಟಕ್ಕೆ ಕೈಯಿಟ್ಟರು.

ಸೇಲಂಗೆ ಕಾಗದ ಹೋಗುವುದಿಲ್ಲವೆಂದು ನಮಗೆಲ್ಲ ಗೊತ್ತಾಯಿತು.