ತಿಂದು ನೋಡು

ಕುಣಿಗಲ್ಲಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರು ಇಡೀ ಕ್ಲಾಸಿನ ಮುಂದೆ, "ಇವಳ ನಾಲಿಗೆ ಕನ್ನಡಕ್ಕೆ ಮಾತ್ರ ಕಣ್ರೋ" ಅಂದಿದ್ದರು. ಅಥವಾ "ತಲೆ" ಅಂದಿದ್ದರೇನೋ. ನಾಲಿಗೆಯೋ ತಲೆಯೋ, ನಲವತ್ತು ದಾಟುವವರೆಗೆ ನಾನದನ್ನು ನಂಬಿದ್ದೆ. ತುಮಕೂರಿನ ಮರಳೂರಿನ ಮನೆಯಲ್ಲಿ ಯಾರ ಪಾಠವೂ ಇಲ್ಲದೆ ಒಬ್ಬಳೇ ಕೂತು ಜಪಾನಿ ಕಲಿಯಲು ಹೊರಟಿದ್ದು, ಆ ಮಾತು ನಿಜವೋ ಸುಳ್ಳೋ ಒಂದು ಸಲ ತಿಳಿದುಕೊಳ್ಳೋಣ ಅಂತ. ಜಪಾನಿಯೇ ಯಾಕೆ ಎಂದು ಕೇಳಿದವರಿಗೆಲ್ಲ ಬೇರೆ ಬೇರೆ ಕಾರಣ ಹೇಳಿದ್ದೇನೆ. ಒಂದೂ ಪೂರ್ತಿ ನಿಜವಲ್ಲ.

ಸಿಕ್ಕ ಪುಸ್ತಕ ಇಂಗ್ಲಿಷಿನದು. ಸರಿಯಾಗಿ ಬಾರದ ಒಂದು ಭಾಷೆಯನ್ನು ಹಿಡಿದುಕೊಂಡು ಏನೂ ಬಾರದ ಇನ್ನೊಂದಕ್ಕೆ ಹೋಗಬೇಕಿತ್ತು. ಅಕ್ಷರಗಳನ್ನು ಹೇಗೋ ಕಲಿತೆ. "ತಬೆತೆ ಮಿರು" ಎಂಬಲ್ಲಿ ಬಂದು ನಿಂತೆ. ಆ ಎರಡು ಪದಕ್ಕೆ ಪುಸ್ತಕದಲ್ಲಿ ಒಂದಿಡೀ ಪ್ಯಾರಾ ವಿವರಣೆ: ಪರಿಣಾಮವನ್ನು ಅರಿಯುವ ಸಲುವಾಗಿ ಒಂದು ಕ್ರಿಯೆಯನ್ನು ಪ್ರಾಯೋಗಿಕವಾಗಿ ಕೈಗೊಳ್ಳುವುದು, ಇತ್ಯಾದಿ. ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಮೂರು ದಿನ ಓದಿದೆ. ಮೇಷ್ಟ್ರೇ ಗೆದ್ದರು ಅಂದುಕೊಂಡೆ.

ಅವತ್ತು ಭಾನುವಾರ. ಭಾನುವಾರವೇ ಇರಬೇಕು, ಗುಬ್ಬಿಯ ಆಫೀಸಿಗೆ ಹೋಗಿರಲಿಲ್ಲ. ಅವ್ವ ಅಡುಗೆಮನೆಯಿಂದ ಬಂದು ನನ್ನ ಅಂಗೈಗೆ ಒಂದು ಚೂರು ಸೊಪ್ಪಿನ ಪಲ್ಯ ಹಾಕಿದಳು.

"ವಸಿ ತಿಂದ್ ನೋಡು, ಉಪ್ಪು ಸರಿಯಾಗೈತಾ."

ತಿಂದೆ. ರುಚಿ ತಿಳಿಯಲಿಲ್ಲ. ತಬೆತೆ ಅಂದರೆ ತಿಂದು. ಮಿರು ಅಂದರೆ ನೋಡುವುದು.

"ಜಪಾನ್‌ನೋರೂ ತಿಂದು ನೋಡ್ತಾರೆ ಕಣವ್ವ."

"ಇನ್ನೇನು ಮೂಸಿ ನೋಡ್ತಾರಾ? ಮೊದ್ಲು ಉಪ್ಪು ಹೇಳೇ."

ಮೂಸಿ ನೋಡು. ಅದೂ ಆಗುತ್ತಿತ್ತು. ಉಟ್ಟು ನೋಡು, ಹೋಗಿ ನೋಡು, ಎಲ್ಲವೂ ಆಗುತ್ತಿತ್ತು. ಕೇಳಿ ನೋಡು ಕೂಡ. ಕಿವಿಯ ಕೆಲಸವನ್ನು ಕೊನೆಗೆ ಕಣ್ಣಿಗೆ ಒಪ್ಪಿಸುವ ಈ ವಿಚಿತ್ರ, ಅಷ್ಟು ಸಮುದ್ರದಾಚೆಯ ಅಡುಗೆಮನೆಗಳಲ್ಲೂ ಇತ್ತು. ಹುಟ್ಟಿದಾಗಿನಿಂದ ಆಡುತ್ತಿದ್ದ ಮಾತು ನನಗೆ ಮೊದಲ ಸಲ ಕೇಳಿಸಿತು.

"ಸರಿಯಾಗೈತೆ" ಅಂದೆ. ಊಟಕ್ಕೆ ಕೂತಾಗ ನೋಡಿದರೆ ಅವ್ವ ಉಪ್ಪೇ ಹಾಕಿರಲಿಲ್ಲ. ಇದನ್ನು ನಾನು ಆಮೇಲೆ ಸೇರಿಸಿಕೊಂಡಿರಲೂಬಹುದು. ಹೇಳಿ ಹೇಳಿ ರುಚಿ ಬಂದಿದೆ.

ಆದರೆ ಒಂದು ಸಲ ಹೊಂದಿದ್ದು ಬರೀ ಆಕಸ್ಮಿಕವಿದ್ದರೆ? ಮಾರನೆಯ ದಿನ ಗುಬ್ಬಿ ಬಸ್ಸಿನಲ್ಲಿ ಪರೀಕ್ಷೆಗೆ ಇಳಿದೆ. ನಮ್ಮಲ್ಲಿ ತಿಂದು ನೋಡುವುದಿದ್ದ ಹಾಗೆ ತಿಂದುಬಿಡುವುದೂ ಇದೆ. ಅವರಲ್ಲೂ ಅಂಥದ್ದು ಇರಬೇಕು. ಇಲ್ಲದಿದ್ದರೆ ಇದನ್ನು ಇಲ್ಲಿಗೇ ನಿಲ್ಲಿಸುವುದು ಎಂದುಕೊಂಡು, ಇನ್ನೂ ಓದದ ಪಾಠಗಳ ಹಾಳೆ ತಿರುವುತ್ತಾ ಹೋದೆ. ಹೆಗ್ಗೆರೆ ದಾಟಿರಬೇಕು, ಸಿಕ್ಕಿತು. "ತಬೆತೆ ಶಿಮತ್ತ." ತಿಂದುಬಿಟ್ಟೆ. ತಿಂದು ಮುಗಿಸಿದ್ದಕ್ಕೂ ಅದೇ, ತಿನ್ನಬಾರದಿತ್ತು ಅನ್ನುವ ಸಂಕಟಕ್ಕೂ ಅದೇ. ನಾವು 'ಬಿಡು' ಅನ್ನುವಲ್ಲಿ ಅವರು 'ಎತ್ತಿಡು' ಅನ್ನುತ್ತಾರೆ, ಅಷ್ಟೇ. ಯಾರೂ ಹೇಳಿಕೊಡುವ ಮೊದಲೇ ಒಂದು ಪರಭಾಷೆಯೊಳಗೆ ಏನಿರುತ್ತದೆಂದು ನನಗೆ ಗೊತ್ತಾಗಿತ್ತು. ಪುಸ್ತಕ ಮುಚ್ಚಲು ಸ್ವಲ್ಪ ಭಯವೇ ಆಯಿತು.

ಪಕ್ಕದ ಸೀಟಿನ ಹೆಂಗಸು ಇಣುಕಿದಳು. "ಏನಕ್ಕ, ಚೀನಾದ್ದಾ?"

"ಜಪಾನಿ."

"ನಿಮಗ್ ಬರ್ತದಾ?"

ಈ ಪ್ರಶ್ನೆಗೆ ನನ್ನಲ್ಲಿ ಹಳೆಯದೊಂದು ಉತ್ತರವಿತ್ತು. ಅದನ್ನು ನುಂಗಿ, "ಕನ್ನಡದಲ್ಲಿ ಬರ್ತದೆ" ಅಂದೆ.

ಆಕೆ ನನ್ನನ್ನೊಮ್ಮೆ ನೋಡಿ, ಬ್ಯಾಗನ್ನು ತೊಡೆಯ ಮೇಲೆ ಸರಿಮಾಡಿಕೊಂಡು, ಆಚೆಗೆ ಸ್ವಲ್ಪ ಸರಿದು ಕೂತಳು.