ಅಲಮಾರಿಯ ಕೀಲಿಕೈಗೆ ಚಾಲೂ ಆದ ಗಾಡಿ

ಗೆಳತಿಯರೇ, ಇಂದು ಆಳಂದದ ಸಂತೆಯಲ್ಲಿ ತೆರೆದ ನನ್ನ ಬಾಯಿ ಇನ್ನೂ ಮುಚ್ಚಿಲ್ಲ.

ಮಗ ಶರಣು ದಿನಾ ಹಾಲು ಒಯ್ಯುವ ಹಳೆಯ ಮೋಟರ್‌ಸೈಕಲ್ ನಿಲ್ಲಿಸಿ ಕೀಲಿಕೈ ಜೇಬಿಗಿಳಿಸಿದ. ಅಲ್ಲಿದ್ದ ಪೊಲೀಸಪ್ಪ, “ಹಂಗೇ ಬಿಟ್ಟು ಹೋಗಬ್ಯಾಡ್ರಿ, ಗಾಲಿಗೊಂದು ಸರಪಳಿ ಹಾಕ್ರಿ” ಎಂದ.

“ಈ ಡಬ್ಬಾ ಗಾಡಿ ಯಾವ ಕಳ್ಳ ಒಯ್ತಾನ್ರಿ?” ಮಗ ನಕ್ಕ.

“ಇಂಥಾವೇ ಹೆಚ್ಚು ಹೋಗ್ತಾವ್ರಿ. ಎಲ್ಲಾರ ಮನ್ಯಾಗೂ ಇವೇ ಅದಾವ, ಸಾಮಾನು ಬಿಚ್ಚಿ ಮಾರಿದ್ರ ಗೊತ್ತಾಗಂಗಿಲ್ಲ. ಗಾಡಿ ಕೀಲಿ ಬ್ಯಾರೆ ಒಳಗ ಸವದಿರ್ತಾವ. ಆಯಿ, ನಿಮ್ಮ ಸೊಂಟದಾಗಿನ ಕೀಲಿಕೈ ಕೊಡ್ರಿ.”

ನನ್ನ ಅಲಮಾರಿಯ ಕೀಲಿಕೈ! ಅದನ್ನೇ ಗಾಡಿಗೆ ತೂರಿಸಿ ತಿರುವಿದ, ಒಂದು ಕಿಕ್ ಹೊಡೆದ. ಗಾಡಿ ಗುರ್ರೆಂದಿತು. ಸಂತೆಯ ಮಂದಿಯೆಲ್ಲ ನನ್ನನ್ನೇ ನೋಡಿದರು, ನಾನೇ ಕಳ್ಳಿ ಎಂಬಂತೆ.

“ಲೇ ಶರಣು, ಇಷ್ಟು ದಿನ ಇದು ನಿನ್ನ ಹತ್ರ ಹ್ಯಾಂಗ ಉಳೀತಲೇ?” ಎಂದೆ.

ಮನೆಗೆ ಬಂದವನೇ ಎಮ್ಮೆಯ ಸರಪಳಿ ಬಿಚ್ಚಿ ಗಾಡಿಗೆ ಬಿಗಿದು ಬೀಗ ಜಡಿದ. ಎಮ್ಮೆಗೆ ಈಗ ಬರೀ ಹಗ್ಗ. ಇರಲಿ, ಗುರುತಿಲ್ಲದವರು ಮುಟ್ಟಿದರೆ ಅದು ಒದೆಯುತ್ತದೆ. ಗಾಡಿ, ಯಾರು ಹತ್ತಿದರೂ ಹೊರಟುಬಿಡುತ್ತದೆ.